ಫಾರ್ಮ್ಯಾಟ್ ಆದ ಮೇಲೆ ಮಾಯವಾದ ಲ್ಯಾನ್ ಪೋರ್ಟ್ ವಾಪಸ್ ಬಂದ ಬಗೆ

ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ನನ್ನ ಲ್ಯಾಪ್‌ಟಾಪ್‌ನಲ್ಲಿ ನೆಟ್ ಕೇಬಲ್ ಸಿಕ್ಕಿಸುವ ಪೋರ್ಟ್ (ಲ್ಯಾನ್, ಅಂದ್ರೆ ಈಥರ್ನೆಟ್) ಕೆಲಸ ನಿಲ್ಲಿಸಿತು. ಲ್ಯಾನ್ ಚಿಪ್ ಹೋಗಿದೆ, ಮದರ್‌ಬೋರ್ಡ್ ಬದಲಿಸಿ ಎಂದವರೇ ಎಲ್ಲ. ಅನುಭವ ಇದ್ದವರೇ ಹೇಳಿದ್ದು. ಆದರೆ ಅದೇ ಬೋರ್ಡ್, ಅದೇ ಚಿಪ್, ಅದೇ ಪೋರ್ಟ್‌ನಲ್ಲಿ ಈಗ ಎಷ್ಟೋ ತಿಂಗಳಿಂದ ಗಿಗಾಬಿಟ್ ಲಿಂಕ್ ಗಟ್ಟಿಯಾಗಿ ನಿಂತಿದೆ. ಅದನ್ನು ಸರಿಮಾಡಲು ಬಿಡಿಭಾಗ ಒಂದನ್ನೂ ಕೊಳ್ಳಲಿಲ್ಲ. ಆಗಲ್ಲ ಎಂದವರಲ್ಲೇ ಒಂದಿಬ್ಬರು ಆಮೇಲೆ ತಮ್ಮ ಲ್ಯಾಪ್‌ಟಾಪ್ ನನ್ನ ಹತ್ತಿರ ತಂದರು. ಹಾಗಾಗಿ ಬರೆದಿಡೋಣ ಅನ್ನಿಸಿತು. ಡಿವೈಸ್ ಮ್ಯಾನೇಜರ್ (ಯಂತ್ರದ ಭಾಗಗಳನ್ನು ವಿಂಡೋಸ್ ತೋರಿಸುವ ಪಟ್ಟಿ) ತೆರೆಯುವುದು, ಬಯಾಸ್‌ಗೆ (ವಿಂಡೋಸ್ ಏಳುವ ಮೊದಲೇ ಬರುವ ಬೋರ್ಡ್‌ನ ಸೆಟ್ಟಿಂಗ್ ಪರದೆ) ಹೋಗುವುದು ಇವೆಲ್ಲ ನಿಮಗೆ ಗೊತ್ತೇ ಇರುತ್ತದೆ, ಬಿಟ್ಟುಬಿಡುತ್ತೇನೆ. ನನ್ನ ಲ್ಯಾಪ್‌ಟಾಪ್ ಕಂಪನಿ, ಅದರ ಚಿಪ್ ಕಂಪನಿ ಹೆಸರೂ ಬೇಡ. ಈ ಕಾಟ ಯಾವುದೋ ಒಂದು ಕಂಪನಿಗೆ ಮಾತ್ರ ಸೇರಿದ್ದಲ್ಲ.

ಆಗಿದ್ದು ಇಷ್ಟು. ಹಳೆ ವಿಂಡೋಸ್ ತೀರಾ ನಿಧಾನವಾಗಿತ್ತು. ಎಸ್‌ಎಸ್‌ಡಿ ಪೂರ್ತಿ ಅಳಿಸಿ ವಿಂಡೋಸ್ 10 ಹೊಸದಾಗಿ ಹಾಕಿದೆ. ವೈಫೈ ಬಂತು, ಸೌಂಡ್ ಬಂತು, ಟಚ್‌ಪ್ಯಾಡ್ ಬಂತು. ಈಥರ್ನೆಟ್ ಮಾತ್ರ ಇಲ್ಲ. ಡಿವೈಸ್ ಮ್ಯಾನೇಜರ್‌ನ ನೆಟ್‌ವರ್ಕ್ ಅಡಾಪ್ಟರ್‌ಗಳ ಪಟ್ಟಿಯಲ್ಲಿ ಇಲ್ಲ, ಅದರ್ ಡಿವೈಸಸ್ ಕೆಳಗೆ ಹಳದಿ ಗುರುತಿನ ಜೊತೆಗೂ ಇಲ್ಲ, ಹಿಡನ್ ಡಿವೈಸ್ ತೋರಿಸು ಎಂದರೂ ಇಲ್ಲ.

ಹಳದಿ ಗುರುತು ಇದೆಯೋ ಇಲ್ಲವೋ ಎನ್ನುವುದನ್ನು ಮೊದಲು ನೋಡಬೇಕು. ಇದ್ದರೆ ಅದು ಬೇರೆ ಕಾಯಿಲೆ, ಸುಲಭದ್ದು. ಅಲ್ಲಿ ಕೋಡ್ 28 ಎಂಬ ಎರರ್ ಇದ್ದರೆ ಚಿಪ್ ಬಸ್ ಮೇಲೆ (ಬೋರ್ಡ್‌ನ ಭಾಗಗಳನ್ನು ಜೋಡಿಸುವ ಒಳದಾರಿ) ಕಾಣುತ್ತಿದೆ, ಅದನ್ನು ನಡೆಸುವ ಸಾಫ್ಟ್‌ವೇರ್, ಅಂದ್ರೆ ಡ್ರೈವರ್ ಇಲ್ಲ ಅಷ್ಟೇ. ಡೀಟೇಲ್ಸ್ ಟ್ಯಾಬ್‌ನಲ್ಲಿ ಹಾರ್ಡ್‌ವೇರ್ ಐಡಿ ನೋಡಿ. ವೆಂಡರ್ 10ಇಸಿ ಇದ್ದರೆ ರಿಯಲ್‌ಟೆಕ್, 8086 ಇದ್ದರೆ ಇಂಟೆಲ್. ಸ್ನೇಹಿತನ ಲ್ಯಾಪ್‌ಟಾಪ್‌ಗೆ ಹಳೆ ಸಾಫ್ಟ್‌ವೇರ್ ಓಡಿಸಲು ವಿಂಡೋಸ್ 7 ಬೇಕಿತ್ತು. ಅದರಲ್ಲಿದ್ದದ್ದು ವೆಂಡರ್ 10ಇಸಿ, ಡಿವೈಸ್ 8168. 2009ರಲ್ಲಿ ಬಂದ ಓಎಸ್‌ಗೆ ಆಮೇಲೆ ಬಂದ ಚಿಪ್ ರಿವಿಷನ್ ಗೊತ್ತಿರುವುದು ಹೇಗೆ? ಫೋನ್ ಯುಎಸ್‌ಬಿ ಟೆದರಿಂಗ್‌ನಿಂದ ನೆಟ್ ಕೊಟ್ಟು ಸರಿಯಾದ ಡ್ರೈವರ್ ಇಳಿಸಿದೆ, ಕಾಫಿ ಕುಡಿಯುವಷ್ಟು ಹೊತ್ತಿನ ಕೆಲಸ. ಅದರ ಬಗ್ಗೆ ಇಷ್ಟು ಸಾಕು.

ನನ್ನದು ಆ ಥರದ್ದಲ್ಲ. ಚಿಪ್ ಬಸ್ ಮೇಲೆಯೇ ಇಲ್ಲ. ಹೀಗಿರುವಾಗ ಡ್ರೈವರ್ ಹಾಕಿ ಹಾಕಿ ಏನೂ ಆಗುವುದಿಲ್ಲ. ಆದರೂ ಎಲ್ಲರೂ ಕೊಡುವ ಸಲಹೆ ಅದೇ ತಾನೇ, ಅದನ್ನೂ ಮಾಡಿ ಮುಗಿಸಿದೆ. ಲ್ಯಾಪ್‌ಟಾಪ್ ಕಂಪನಿಯ ಡ್ರೈವರ್, ಚಿಪ್ ಕಂಪನಿಯ ಹೊಸ ಡ್ರೈವರ್, ಅದರದ್ದೇ ಮೂರ್ನಾಲ್ಕು ವರ್ಷ ಹಳೆಯ ಡ್ರೈವರ್. ಒಂದೊಂದೂ ಐದಾರು ಸೆಕೆಂಡ್ ಓಡಿ ನಿಲ್ಲುತ್ತಿತ್ತು. ವರ್ಷದ ಚಂದಾ ಕೇಳುವ ಡ್ರೈವರ್ ಅಪ್‌ಡೇಟ್ ಸಾಫ್ಟ್‌ವೇರ್ ಒಂದಕ್ಕೂ ದುಡ್ಡು ಕೊಟ್ಟೆ. ಅದು ಇಪ್ಪತ್ತು ಮೂವತ್ತು ಡ್ರೈವರ್ ಹಳೆಯದಾಗಿದೆ ಎಂದು ಕೆಂಪು ಬಣ್ಣದಲ್ಲಿ ತೋರಿಸಿತು. ಲ್ಯಾನ್ ವಿಷಯ ಎತ್ತಲೇ ಇಲ್ಲ. ಬಸ್ ಮೇಲೆ ಇಲ್ಲದ್ದನ್ನು ಅದೂ ಹುಡುಕಲಾರದು. ಆ ಹಣ ಹೋಯಿತು, ನೀವು ಕೊಡಬೇಡಿ.

ಸರ್ವೀಸ್‌ನವರ ಹತ್ತಿರವೂ ಒಯ್ದೆ. ನೋಡಿ, ಚಿಪ್ ಸುಟ್ಟಿದೆ ಎಂದರು. ಬೋರ್ಡ್ ಬದಲಿಸಲು ಕೇಳಿದ ಮೊತ್ತ ಆ ಲ್ಯಾಪ್‌ಟಾಪನ್ನು ಸೆಕೆಂಡ್ ಹ್ಯಾಂಡ್ ಮಾರಿದರೆ ಬರುವ ಬೆಲೆಯ ಮುಕ್ಕಾಲು ಪಾಲು ಇತ್ತು. ಹಿಂದಿನ ದಿನ ಸಂಜೆಯವರೆಗೆ ಅದೇ ಪೋರ್ಟ್‌ನಲ್ಲಿ ಫೈಲ್ ಕಾಪಿ ಮಾಡಿಕೊಂಡಿದ್ದೆ. ಫಾರ್ಮ್ಯಾಟ್ ಮಾಡಿದರೆ ಡಿಸ್ಕ್ ಅಳಿಯುತ್ತದೆ, ಚಿಪ್ ಸುಡುವುದಿಲ್ಲ. ಈ ಒಂದು ನಂಬಿಕೆ ಮೇಲೆಯೇ ನಾನು ಮುಂದಕ್ಕೆ ಹೋದದ್ದು.

ಸುಳಿವು ಸಿಕ್ಕಿದ್ದು ಇನ್‌ಸ್ಟಾಲರ್‌ನ ಎರರ್‌ನಲ್ಲಿ. ಚಿಪ್ ಕಂಪನಿಯ ಸೆಟಪ್ ನಿಲ್ಲುವಾಗ ಒಂದು ಪುಟ್ಟ ಡಬ್ಬಿಯಲ್ಲಿ ಎರಡು ಸಾಲು ಬರುತ್ತಿತ್ತು. ಕಂಟ್ರೋಲರ್ ಸಿಗಲಿಲ್ಲ ಎನ್ನುವುದು ಮೊದಲ ಸಾಲು. ಡೀಪ್ ಸ್ಲೀಪ್ ಮೋಡ್ ಆನ್ ಆಗಿದ್ದರೆ ದಯವಿಟ್ಟು ಕೇಬಲ್ ಹಾಕಿ ಎನ್ನುವುದು ಎರಡನೆಯದು. ಎಲ್ಲರೂ ಮೊದಲ ಸಾಲು ಓದಿ ಓಕೆ ಒತ್ತಿಬಿಡುತ್ತಾರೆ. ನಾನು ಎರಡನೇ ಸಾಲಿನ ಹಿಂದೆ ಬಿದ್ದೆ. ಚಿಪ್ ತಾನಾಗಿ ಮಲಗುತ್ತದೆ, ಮಲಗಿದಾಗ ಪಿಸಿಐ ಬಸ್‌ನಿಂದಲೇ ಕಾಣೆಯಾಗುತ್ತದೆ, ಕೇಬಲ್‌ನಲ್ಲಿ ಸಿಗ್ನಲ್ ಕಂಡರೆ ಏಳಬೇಕು. ಅಂದ್ರೆ ಡ್ರೈವರ್ ಬರೆದವರಿಗೇ ಇದು ಗೊತ್ತಿದೆ, ಅಲ್ವಾ?

ಕೇಬಲ್ ಹಾಕಿದೆ. ಏಳಲಿಲ್ಲ. ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಬಸ್ ಮೇಲಿನ ಭಾಗಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಪಿಸಿಐ ಕಮಾಂಡ್ ಕೊಟ್ಟೆ. ವೈಫೈ ಕಾರ್ಡ್ ಕಂಡಿತು, ಈಥರ್ನೆಟ್ ಸಾಲೇ ಇಲ್ಲ. ಬಸ್ಸನ್ನು ಮತ್ತೆ ಹುಡುಕಲು ಪಿಸಿಐ ರೀಸ್ಕ್ಯಾನ್ ಕೊಟ್ಟೆ, ಅದೂ ಆಗಲಿಲ್ಲ. ಒಂದು ಲಾಭ ಆಯಿತು. ಇದು ವಿಂಡೋಸ್‌ನ ತೊಂದರೆ ಅಲ್ಲ ಎನ್ನುವುದು ಖಚಿತವಾಯಿತು. ಬಯಾಸ್‌ನಲ್ಲಿ ಆನ್‌ಬೋರ್ಡ್ ಲ್ಯಾನ್ ಎನೇಬಲ್ ಎಂದೇ ಇತ್ತು. ಡೀಫಾಲ್ಟ್ ಲೋಡ್ ಮಾಡಿದೆ, ಬಯಾಸ್ ಅಪ್‌ಡೇಟ್ ಕೂಡ ಮಾಡಿದೆ. ಬದಲಾವಣೆ ಇಲ್ಲ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಹಾಕಿಕೊಂಡವರು ಬಯಾಸ್ ಮುಟ್ಟುವ ಮೊದಲು ರಿಕವರಿ ಕೀ ಬೇರೆ ಕಡೆ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಲ್ಯಾನ್ ಹುಡುಕಲು ಹೋಗಿ ಡಿಸ್ಕೇ ತೆರೆಯದ ಸ್ಥಿತಿ ಬರಬಹುದು.

ಎಲ್ಲರೂ ರೀಸ್ಟಾರ್ಟ್ ಮಾಡಿದರೆ, ಶಟ್‌ಡೌನ್ ಮಾಡಿದರೆ ಚಿಪ್ ಆಫ್ ಆಗಿ ಆನ್ ಆಗುತ್ತದೆ ಎಂದುಕೊಂಡಿರುತ್ತಾರೆ. ಆಗುವುದಿಲ್ಲ. ವೇಕ್ ಆನ್ ಲ್ಯಾನ್ (ಆಫ್ ಇದ್ದ ಯಂತ್ರವನ್ನು ನೆಟ್ ಕೇಬಲ್ ಮೂಲಕ ಆನ್ ಮಾಡುವುದು) ಕೆಲಸ ಮಾಡಬೇಕಲ್ಲ, ಅದಕ್ಕಾಗಿ ಲ್ಯಾನ್ ಚಿಪ್‌ಗೆ ಸ್ಟ್ಯಾಂಡ್‌ಬೈ ಕರೆಂಟ್ ಹೋಗುತ್ತಲೇ ಇರುತ್ತದೆ, ಲ್ಯಾಪ್‌ಟಾಪ್ ಆಫ್ ಇದ್ದಾಗಲೂ. ಡೆಸ್ಕ್‌ಟಾಪ್ ಆದರೆ ಪ್ಲಗ್ ಕಿತ್ತರೆ ಮುಗಿಯಿತು. ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿ ಒಳಗೇ ಇದೆ. ಈಗಿನವುಗಳಲ್ಲಿ ತಿಂಗಳು, ವರ್ಷ ಕಳೆದರೂ ಅದನ್ನು ಯಾರೂ ಬಿಡಿಸುವುದಿಲ್ಲ. ಸಾಲದ್ದಕ್ಕೆ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಇದೆ. ಅದು ಆನ್ ಇದ್ದರೆ ಶಟ್‌ಡೌನ್ ಕೂಡ ಪೂರ್ತಿ ಶಟ್‌ಡೌನ್ ಅಲ್ಲ. ಹಳೆ ವಿಂಡೋಸ್‌ನ ಡ್ರೈವರ್ ಕೊನೆಯ ಸಲ ಚಿಪ್ಪನ್ನು ಮಲಗಿಸಿತು. ಎಬ್ಬಿಸಬೇಕಾದ ಆ ಡ್ರೈವರ್ ಡಿಸ್ಕ್ ಜೊತೆ ಅಳಿದುಹೋಯಿತು. ಹೊಸ ವಿಂಡೋಸ್‌ಗೆ ಚಿಪ್ ಕಾಣಲೇ ಇಲ್ಲ, ಹಾಗಾಗಿ ತನ್ನ ಡ್ರೈವರ್ ಹಾಕಲೂ ಇಲ್ಲ. ನನ್ನ ಲೆಕ್ಕಾಚಾರ ಇದು. ಮುಂದೆ ನಡೆದದ್ದೆಲ್ಲ ಇದಕ್ಕೆ ಸರಿಹೊಂದಿತು.

ಪವರ್ ಡ್ರೈನ್ ಮಾಡಿ ಎಂದು ಬಹಳ ಜನ ಹೇಳುತ್ತಾರೆ. ಚಾರ್ಜರ್ ತೆಗೆದು ಪವರ್ ಬಟನ್ ಅರ್ಧ ನಿಮಿಷ ಒತ್ತಿಹಿಡಿಯುವುದು. ಬರಿ ಅದರಿಂದ ನನಗೆ ಏನೂ ಆಗಲಿಲ್ಲ. ಹಿಂಬದಿ ತೆರೆದು ಬ್ಯಾಟರಿಯ ಕನೆಕ್ಟರ್ ಬಿಡಿಸಿದೆ. ಬಿಳಿ ಪ್ಲಾಸ್ಟಿಕ್ ಕನೆಕ್ಟರ್, ಉಗುರಿನಿಂದ ಎರಡೂ ಬದಿ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತಳ್ಳಬೇಕು. ವೈರ್ ಹಿಡಿದು ಎಳೆಯಬಾರದು. ಆಮೇಲೆ ಪವರ್ ಬಟನ್ ಒಂದು ನಿಮಿಷ ಒತ್ತಿಹಿಡಿದು, ಹಾಗೇ ಹದಿನೈದಿಪ್ಪತ್ತು ನಿಮಿಷ ಬಿಟ್ಟೆ. ಥಿಂಕ್‌ಪ್ಯಾಡ್ ಇದ್ದವರಿಗೆ ತೆರೆಯುವ ಕೆಲಸವೂ ಇಲ್ಲ. ಬಹುತೇಕ ಮಾಡೆಲ್‌ಗಳ ಬಯಾಸ್‌ನಲ್ಲಿ ಪವರ್ ವಿಭಾಗದಲ್ಲಿ ಡಿಸೇಬಲ್ ಬಿಲ್ಟ್-ಇನ್ ಬ್ಯಾಟರಿ ಎಂದೇ ಇರುತ್ತದೆ. ಬ್ಯಾಟರಿಯೂ ಬಿಡಿಸಲಾಗದ, ಬಯಾಸ್‌ನಲ್ಲೂ ಏನೂ ಇಲ್ಲದ ಮಾಡೆಲ್‌ಗೆ ನನ್ನದೊಂದು ಉಪಾಯ ಇದೆ. ಎಲ್ಲ ಬೋರ್ಡ್‌ಗೂ ಅದು ಸುರಕ್ಷಿತವಲ್ಲ, ಹಾಗಾಗಿ ಇಲ್ಲಿ ಬರೆಯುವುದಿಲ್ಲ.

ಮುಖ್ಯ ಮಾತು ಇನ್ನು ಮುಂದೆ ಇದೆ. ಕರೆಂಟ್ ವಾಪಸ್ ಕೊಡುವ ಮೊದಲೇ ಕೇಬಲ್ ಹಾಕಿರಬೇಕು. ಕೇಬಲ್‌ನ ಆ ಕಡೆ ನೆಟ್‌ವರ್ಕ್ ಸ್ವಿಚ್ (ನೆಟ್ ಕೇಬಲ್‌ಗಳನ್ನು ಸೇರಿಸುವ ಪೆಟ್ಟಿಗೆ) ಆನ್ ಇರಬೇಕು. ಮೊದಲ ಸಲ ಕೇಬಲ್ ಇಲ್ಲದೆ ಬೂಟ್ ಮಾಡಿದಾಗ ಚಿಪ್ ಬರಲಿಲ್ಲ. ಎರಡನೇ ಸಲ ಕೇಬಲ್ ಹಾಕಿ, ಸ್ವಿಚ್ ಕಡೆ ಕಣ್ಣಿಟ್ಟು ಚಾರ್ಜರ್ ಚುಚ್ಚಿದೆ. ಪವರ್ ಬಟನ್ ಇನ್ನೂ ಮುಟ್ಟಿಲ್ಲ, ಸ್ವಿಚ್‌ನಲ್ಲಿ ಆ ಪೋರ್ಟಿನ ಹಸಿರು ದೀಪ ಒಮ್ಮೆ ಮಿನುಗಿತು, ಆರಿತು, ಎರಡು ಸೆಕೆಂಡ್ ಬಿಟ್ಟು ಬಂದು ನಿಂತಿತು. ಅಷ್ಟು ದಿನದಲ್ಲಿ ಆ ದೀಪ ಹತ್ತಿದ್ದು ಅದೇ ಮೊದಲು. ಸುಟ್ಟಿದೆ ಎಂದಿದ್ದ ಚಿಪ್ ಅದು! ಬೂಟ್ ಆಗುತ್ತಿದ್ದಂತೆ ವಿಂಡೋಸ್ ತಾನಾಗಿಯೇ ಡ್ರೈವರ್ ಹಾಕಿಕೊಂಡಿತು. ಇಳಿಸಿಟ್ಟಿದ್ದ ಡ್ರೈವರ್ ಒಂದೂ ಬೇಕಾಗಲಿಲ್ಲ.

ರಾತ್ರಿ ಶಟ್‌ಡೌನ್ ಮಾಡಿ ಕೇಬಲ್ ತೆಗೆದಿಟ್ಟೆ. ಬೆಳಿಗ್ಗೆ ಮತ್ತೆ ಮಾಯ. ನೋಡಿ, ಚಿಪ್ ಸಾಯುತ್ತಿದೆ ಎಂದು ಅದೇ ಜನ ಮತ್ತೆ ಹೇಳಿದರು. ನನಗೆ ಮಾತ್ರ ಇದರಿಂದ ಧೈರ್ಯವೇ ಬಂತು. ಹೊಸ ಡ್ರೈವರ್ ಕೂಡ ಅದೇ ಹಳೆ ಅಭ್ಯಾಸದಂತೆ ಮಲಗಿಸಿದೆ, ಅಷ್ಟೇ. ಮತ್ತೆ ಬ್ಯಾಟರಿ ಬಿಡಿಸಿ ಎಬ್ಬಿಸಿದೆ. ಈ ಸಲ ಶಟ್‌ಡೌನ್ ಇರಲಿ, ಸ್ಲೀಪ್‌ಗೂ ಹೋಗಲು ಬಿಡದೆ ಒಂದೇ ಸಲ ಕೂತು ಸೆಟ್ಟಿಂಗ್ ಬದಲಿಸಿದೆ. ಫಾಸ್ಟ್ ಸ್ಟಾರ್ಟಪ್ ಆಫ್. ಅಡಾಪ್ಟರ್‌ನ ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ, ವಿದ್ಯುತ್ ಉಳಿಸಲು ಇದನ್ನು ಆಫ್ ಮಾಡಬಹುದು ಎನ್ನುವ ಟಿಕ್ ತೆಗೆದೆ. ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿ ಗ್ರೀನ್ ಈಥರ್ನೆಟ್, ಎನರ್ಜಿ ಎಫಿಶಿಯೆಂಟ್ ಈಥರ್ನೆಟ್, ಪವರ್ ಸೇವಿಂಗ್ ಮೋಡ್ ಮೂರೂ ಆಫ್. ಶಟ್‌ಡೌನ್ ವೇಕ್ ಆನ್ ಲ್ಯಾನ್ ಮಾತ್ರ ಆನ್. ಇದು ಉಲ್ಟಾ ಅನ್ನಿಸಬಹುದು. ಆದರೆ ಇದನ್ನು ಆನ್ ಇಟ್ಟರೆ ಶಟ್‌ಡೌನ್ ಆಗುವಾಗ ಡ್ರೈವರ್ ಚಿಪ್ಪನ್ನು ಪೂರ್ತಿ ಮಲಗಿಸುವುದಿಲ್ಲ, ಕಿವಿ ತೆರೆದಿರುತ್ತದೆ. ಪವರ್ ಪ್ಲಾನ್‌ನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್ ಕೂಡ ಆಫ್. ಬಯಾಸ್‌ನಲ್ಲಿ ಡೀಪ್ ಸ್ಲೀಪ್ ಎಂದು ಏನಾದರೂ ಕಂಡರೆ ಅದನ್ನೂ ಆಫ್ ಮಾಡಿ. ಕೆಲವು ಬೋರ್ಡ್‌ಗಳಲ್ಲಿ ಇರುತ್ತದೆ, ಕೆಲವಲ್ಲಿ ಇಲ್ಲ.

ಅಂದಿನಿಂದ ತಾನಾಗಿ ಒಮ್ಮೆಯೂ ಮಾಯವಾಗಿಲ್ಲ. ಒಂದು ಸಲ ವಿಂಡೋಸ್ ಅಪ್‌ಡೇಟ್ ಲ್ಯಾನ್ ಡ್ರೈವರ್ ಬದಲಿಸಿ ಈ ಸೆಟ್ಟಿಂಗ್‌ಗಳನ್ನೆಲ್ಲ ಮೊದಲಿನಂತೆ ಮಾಡಿಟ್ಟಿತ್ತು. ಅದೃಷ್ಟಕ್ಕೆ ಶಟ್‌ಡೌನ್ ಆಗುವ ಮೊದಲೇ ಕಂಡಿತು. ಈಗ ದೊಡ್ಡ ಅಪ್‌ಡೇಟ್ ಆದಾಗಲೆಲ್ಲ ಆ ಟ್ಯಾಬ್ ತೆರೆದು ನೋಡುತ್ತೇನೆ.

ಇದಾದ ಮೇಲೆ ಕುತೂಹಲ ಜಾಸ್ತಿ ಆಯಿತು. ಬೇಕೆಂದೇ ಒಂದೊಂದೇ ಸೆಟ್ಟಿಂಗ್ ವಾಪಸ್ ಹಾಕಿ ನೋಡಿದೆ. ಗ್ರೀನ್ ಈಥರ್ನೆಟ್ ಒಂದನ್ನೇ ಆನ್ ಮಾಡಿದರೆ ಏನೂ ಆಗಲಿಲ್ಲ. ಶಟ್‌ಡೌನ್ ವೇಕ್ ಆನ್ ಲ್ಯಾನ್ ಆಫ್ ಮಾಡಿ, ಕೇಬಲ್ ಕಿತ್ತು, ಒಂದು ರಾತ್ರಿ ಬಿಟ್ಟರೆ ಬೆಳಿಗ್ಗೆ ಚಿಪ್ ಇಲ್ಲ. ನನ್ನ ಯಂತ್ರದಲ್ಲಿ ನಿಜವಾದ ಕಾರಣ ಅದೇ. ಉಳಿದವು ಎಚ್ಚರಿಕೆಗೆ. ಹಾಗೆ ಮಾಯವಾದಾಗ ಬ್ಯಾಟರಿ ಬಿಡಿಸದೆಯೇ ಎಬ್ಬಿಸುವ ಇನ್ನೊಂದು ದಾರಿಯೂ ಸಿಕ್ಕಿದೆ. ಇನ್ನೂ ಎರಡು ಮೂರು ಮಾಡೆಲ್ ಮೇಲೆ ನೋಡದೆ ಅದನ್ನು ಹೇಳುವುದಿಲ್ಲ.

ವೇಗವನ್ನೂ ಅಳೆದೆ. ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್ 3ರಲ್ಲಿ ಸೆಕೆಂಡಿಗೆ 940 ಮೆಗಾಬಿಟ್ ಆಸುಪಾಸು. ಗಿಗಾಬಿಟ್ ಲಿಂಕ್‌ಗೆ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚೇನೂ ಬರುವುದಿಲ್ಲ. ಮಧ್ಯೆ ಒಂದು ದಿನ 95ಕ್ಕೆ ಇಳಿಯಿತು. ಅದು ಚಿಪ್ಪಿನ ತಪ್ಪಲ್ಲ, ಕೇಬಲ್‌ನ ಒಂದು ಜೋಡಿ ವೈರ್ ತುಂಡಾಗಿತ್ತು. ನಾಲ್ಕು ವೈರ್ ಸರಿ ಇದ್ದರೆ 100 ಮೆಗಾಬಿಟ್ ಓಡುತ್ತದೆ, ಗಿಗಾಬಿಟ್‌ಗೆ ಎಂಟೂ ಬೇಕು. ಕೇಬಲ್ ಬದಲಿಸಿದ ಮೇಲೆ ಮತ್ತೆ 940.

ಖರ್ಚಿನ ಲೆಕ್ಕ ಹೇಳಬೇಕೆಂದರೆ, ಹೋದದ್ದು ಆ ಚಂದಾ ಹಣ, ಸರ್ವೀಸ್‌ನವರ ಪರೀಕ್ಷೆ ಶುಲ್ಕ, ಮತ್ತೆ ಮಧ್ಯದಲ್ಲಿ ಕೆಲಸ ನಿಲ್ಲಬಾರದೆಂದು ಕೊಂಡ ಒಂದು ಯುಎಸ್‌ಬಿ ಈಥರ್ನೆಟ್ ಡಾಂಗಲ್. ಮೂರೂ ಸೇರಿದರೂ ಬೋರ್ಡ್‌ಗೆ ಕೇಳಿದ್ದರಲ್ಲಿ ಏಳೆಂಟನೇ ಒಂದು ಭಾಗ ಇರಬಹುದು. ಅದರಲ್ಲಿ ನಿಜಕ್ಕೂ ಬೇಕಿದ್ದದ್ದು ಡಾಂಗಲ್ ಒಂದೇ.

ಈಗ ಯಾರ ಲ್ಯಾಪ್‌ಟಾಪ್ ಫಾರ್ಮ್ಯಾಟ್‌ಗೆ ಬಂದರೂ ಅಳಿಸುವ ಮೊದಲು ಹಳೆ ವಿಂಡೋಸ್‌ನಲ್ಲೇ ಶಟ್‌ಡೌನ್ ವೇಕ್ ಆನ್ ಲ್ಯಾನ್ ಆನ್ ಮಾಡುತ್ತೇನೆ. ವಿಂಡೋಸ್‌ನಲ್ಲೇ ಇರುವ ಡಿಐಎಸ್‌ಎಂ ಕಮಾಂಡ್‌ನ ಎಕ್ಸ್‌ಪೋರ್ಟ್ ಡ್ರೈವರ್ ಕೊಟ್ಟು, ವಿಂಡೋಸ್ ಜೊತೆ ಬಾರದ ಬೇರೆ ಕಂಪನಿಗಳ ಡ್ರೈವರ್‌ಗಳನ್ನೆಲ್ಲ ಪೆನ್‌ಡ್ರೈವ್‌ಗೆ ತೆಗೆದಿಡುತ್ತೇನೆ. ಒಂದೆರಡು ಜಿಬಿ ಆಗುತ್ತದೆ. ಕೊನೆಗೆ ಶಿಫ್ಟ್ ಒತ್ತಿಹಿಡಿದು ಶಟ್‌ಡೌನ್, ಪೂರ್ತಿ ಆಫ್ ಆಗಲಿ ಎಂದು. ಇನ್‌ಸ್ಟಾಲ್ ಮುಗಿಯುವವರೆಗೂ ಕೇಬಲ್ ಸಿಕ್ಕಿಸಿಯೇ ಇರುತ್ತದೆ. ವಿಂಡೋಸ್ 11 ಸೆಟಪ್ ನೆಟ್ ಇಲ್ಲದೆ ಮುಂದಕ್ಕೆ ಹೋಗಲು ತಕರಾರು ಮಾಡುತ್ತದೆ, ಅಲ್ಲಿಗೂ ಇದು ಅನುಕೂಲ.

ಎಲ್ಲ ಚಿಪ್‌ಗೂ ಈ ದಾರಿ ನಡೆಯುವುದಿಲ್ಲ. ಸಿಡಿಲು ಬಡಿದ ಮೇಲೆ ಲ್ಯಾನ್ ಹೋದ ಒಂದು ಲ್ಯಾಪ್‌ಟಾಪ್ ಬಂದಿತ್ತು. ಬ್ಯಾಟರಿ ಬಿಡಿಸಿ, ಕೇಬಲ್ ಹಾಕಿ, ಎಷ್ಟು ಸಲ ಚಾರ್ಜರ್ ಚುಚ್ಚಿದರೂ ಸ್ವಿಚ್ ದೀಪ ಒಂದು ಕ್ಷಣವೂ ಮಿನುಗಲಿಲ್ಲ. ಪೋರ್ಟ್ ಪಕ್ಕದ ಚಿಪ್ ಮೇಲೆ ಬೆರಳಿಟ್ಟರೆ ಸುಡುವಷ್ಟು ಬಿಸಿ. ಅಂಥದ್ದರ ಮೇಲೆ ಸಮಯ ಕಳೆಯಬೇಡಿ, ಬಯಾಸ್‌ನಲ್ಲಿ ಆನ್‌ಬೋರ್ಡ್ ಲ್ಯಾನ್ ಡಿಸೇಬಲ್ ಮಾಡಿ ಡಾಂಗಲ್ ಹಾಕಿಕೊಳ್ಳಿ. ಯುಎಸ್‌ಬಿ 3 ಪೋರ್ಟ್‌ಗೇ ಹಾಕಿ. ನನ್ನ ಡಾಂಗಲ್ ಯುಎಸ್‌ಬಿ 2ರಲ್ಲಿ 300ರ ಹತ್ತಿರ ನಿಂತಿತು, ಯುಎಸ್‌ಬಿ 3ರಲ್ಲಿ 900 ದಾಟಿತು.