ಪಾಳು ಕಟ್ಟಡದಲ್ಲಿ ನೆಲ, ಮೆಟ್ಟಿಲು: ಕೆಳಗಿನಿಂದ ನೋಡಿ ಮೇಲೆ ಹತ್ತುವ ನನ್ನ ಕ್ರಮ

ಪಾಳು ಕಟ್ಟಡಗಳಲ್ಲಿ ಓಡಾಡುವವರಿಗೆ ಬೂಟು, ಹೆಲ್ಮೆಟ್, ಎರಡು ಟಾರ್ಚು, ಮಾಲೀಕರ ಒಪ್ಪಿಗೆ ಇದನ್ನೆಲ್ಲ ಮತ್ತೆ ಹೇಳಬೇಕಿಲ್ಲ. ನಾನು ಬರೆಯುತ್ತಿರುವುದು ಒಂದೇ ವಿಷಯ. ಅಡಿಯಿಂದ ನೋಡದ ನೆಲದ ಮೇಲೆ ನಾನು ಕಾಲಿಡುವುದಿಲ್ಲ. ಮೇಲಿನ ಮಹಡಿಯಲ್ಲಿ ಎಲ್ಲಿ ನಡೆಯಬೇಕು, ಎಲ್ಲಿ ನಡೆಯಬಾರದು ಎನ್ನುವುದು ಕೆಳಗಿನ ಮಹಡಿಯಲ್ಲೇ ತೀರ್ಮಾನ ಆಗಿರಬೇಕು.

ಇದನ್ನು ಶುರು ಮಾಡಿದಾಗ ನಮ್ಮ ತಂಡದಲ್ಲಿ ಯಾರಿಗೂ ನಂಬಿಕೆ ಇರಲಿಲ್ಲ. "ನೀನು ಸೀಲಿಂಗ್ ನೋಡ್ತಾ ನಿಂತ್ರೆ ಕತ್ತಲಾಗುತ್ತೆ, ಮೇಲೆ ಹೋಗೋದು ಯಾವಾಗ?" ಅಂತ ಕೇಳುತ್ತಿದ್ದರು. ಈಗ ಅದೇ ಜನ ಒಳಗೆ ಹೋದ ಕೂಡಲೇ ನನ್ನ ಕೈಗೆ ಸೀಮೆಸುಣ್ಣ ಕೊಡುತ್ತಾರೆ.

ಮೊದಲು, ಎಲ್ಲರೂ ಹೇಳುವ "ಗೋಡೆ ಪಕ್ಕದಲ್ಲೇ ನಡಿ" ಎಂಬ ಮಾತು. ತೊಲೆ ನಡುವಿನಲ್ಲಿ ಜಾಸ್ತಿ ಬಾಗುತ್ತದೆ, ಗೋಡೆ ಹತ್ತಿರ ಕಡಿಮೆ. ಲೆಕ್ಕ ಸರಿಯೇ. ಆದರೆ ಮರದ ತೊಲೆಯ ತುದಿ ಗೋಡೆಯೊಳಗೆ ಕೂತಿರುತ್ತದೆ, ಅಲ್ವಾ? ಹೊರಗೋಡೆ ಮಳೆ ನೀರು ಹೀರುತ್ತದೆ. ಒಳಗೆ ಗಾಳಿ ಆಡುವುದಿಲ್ಲ. ಮರಕ್ಕೆ ಲಡ್ಡು ಹಿಡಿಯುವುದು, ಅಂದರೆ ಮರ ಕೊಳೆಯುವುದು, ಮೊದಲು ಅಲ್ಲೇ. ಛಾವಣಿಯ ನೀರಿನ ಪೈಪ್ ಒಡೆದಿರುವ ಮೂಲೆಯಂತೂ ಇಡೀ ಕೋಣೆಯಲ್ಲೇ ಕೆಟ್ಟ ಜಾಗ. ಗೋಡೆ ಪಕ್ಕ ನಡೆಯಬಹುದು, ಆದರೆ ಒಳಗೋಡೆಯ ಪಕ್ಕ, ಅದೂ ತೊಲೆಯ ತುದಿಯನ್ನು ಕೆಳಗಿನಿಂದ ನೋಡಿದ ಮೇಲೆ. ಈ ಒಂದು ತಿದ್ದುಪಡಿಗೆ ನನ್ನ ಜೊತೆ ಜಗಳವಾಡಿದವರು ಎಷ್ಟು ಜನ!

ಈ ಕ್ರಮಕ್ಕೆ ಬರುವ ಮುಂಚೆ ದುಡ್ಡು ಬೇಕಾದಷ್ಟು ಹೋಗಿದೆ. ಮೊದಲು ಮರದ ತೇವ ಅಳೆಯುವ ಮೀಟರ್ ತಂದೆ. ಎರಡು ಸೂಜಿ ಚುಚ್ಚಿದರೆ ಶೇಕಡಾವಾರು ತೋರಿಸುವಂಥದ್ದು. ಒಳ್ಳೆಯ ಬೂಟು ಎರಡು ಜೊತೆ ಬರುವಷ್ಟು ಬೆಲೆ. ಮರದ ತೇವ ಶೇ 20ರ ಒಳಗಿದ್ದರೆ ಮರ ಕೊಳೆಸುವ ಬೂಷ್ಟು ಬೆಳೆಯುವುದಿಲ್ಲ ಎನ್ನುವುದು ನಿಜ. ತೊಂದರೆ ಏನೆಂದರೆ, ಮೀಟರ್ ಹೇಳುವುದು ಇವತ್ತಿನ ತೇವವನ್ನು. ಹಿಂದೆ ಕೊಳೆತು ಈಗ ಒಣಗಿರುವ ತೊಲೆ 12, 13 ಅಂತ ತೋರಿಸುತ್ತದೆ. ಸಂಖ್ಯೆ ಚೆನ್ನಾಗಿದೆ, ತೊಲೆಯಲ್ಲಿ ಮಾತ್ರ ಜೀವ ಇಲ್ಲ. ಅದೇ ಮೀಟರನ್ನು ಉಪ್ಪು ಬೆಳ್ಳಗೆ ಎದ್ದಿರುವ ಗಾರೆಗೆ ಚುಚ್ಚಿದರೆ ತೇವ ಇಲ್ಲದಿದ್ದರೂ ದೊಡ್ಡ ಸಂಖ್ಯೆ ಬರುತ್ತದೆ. ಈಗ ಅದು ನನ್ನ ಚೀಲದಲ್ಲಿ ಇಲ್ಲ.

ಆಮೇಲೆ ಹಗ್ಗ, ಮತ್ತು ಬಿದ್ದರೆ ತಡೆಯಲು ಮೈಗೆ ಕಟ್ಟಿಕೊಳ್ಳುವ ಪಟ್ಟಿ, ಅಂದರೆ ಹಾರ್ನೆಸ್. ನಾನು ಅತಿ ಹೆಚ್ಚು ದುಡ್ಡು ಹಾಕಿದ್ದು ಇದಕ್ಕೆ. ಸಾಮಾನೇನೋ ಒಳ್ಳೆಯದು. ಆದರೆ ಪಾಳು ಕಟ್ಟಡದಲ್ಲಿ ಅದನ್ನು ಕಟ್ಟುವುದು ಯಾವುದಕ್ಕೆ? ಕಿಟಕಿ ಸರಳು ಕೈಯಲ್ಲಿ ಎಳೆದರೆ ಬರುತ್ತದೆ. ಬಾಗಿಲ ಚೌಕಟ್ಟು ಅಲುಗಾಡುತ್ತದೆ. ಬೀಳುವ ಮನುಷ್ಯನ ಜಗ್ಗು ಅವನ ತೂಕದ ಹಲವು ಪಟ್ಟು ಆಗಬಹುದು, ಅದನ್ನು ತಡೆಯುವ ಜಾಗ ಅಂತಹ ಕೋಣೆಯಲ್ಲಿ ಸಿಗುವುದು ಅಪರೂಪ. ಸಿಕ್ಕರೂ, ಬಿದ್ದು ನೇತಾಡುವವನನ್ನು ಕೆಲವೇ ನಿಮಿಷದಲ್ಲಿ ಇಳಿಸಬೇಕು. ಅಲುಗಾಡದೆ ನೇತಾಡುತ್ತಿದ್ದರೆ ರಕ್ತ ಕಾಲಲ್ಲೇ ನಿಂತು ಪ್ರಾಣಕ್ಕೇ ಅಪಾಯ. ಹಾರ್ನೆಸ್ ಅರ್ಧ ಬೆಲೆಗೆ ಮಾರಿದೆ. ಹಗ್ಗ ಇಟ್ಟುಕೊಂಡೆ.

ಆ ಹಗ್ಗದಿಂದ ಆದ ಉಪಯೋಗ ಬೇರೆಯೇ. ಒಂದು ಹಳೆಯ ಮನೆ ಕೆಡವುವಾಗ ಅಲ್ಲಿನ ನೆಲದ ಹಲಗೆಗಳನ್ನು ಕೇಳಿ ತಂದೆ. ಸುಮಾರು ಎರಡು ಸೆಂಟಿಮೀಟರ್ ದಪ್ಪ, ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಅಗಲ. ಒಂದು ಮೀಟರ್ ಅಂತರದಲ್ಲಿ ಎರಡು ಕಡೆ ಆಧಾರ ಕೊಟ್ಟು, ನಡುವೆ ಹಗ್ಗದಲ್ಲಿ 20 ಲೀಟರಿನ ನೀರಿನ ಕ್ಯಾನ್ ಒಂದೊಂದಾಗಿ ತೂಗುಹಾಕಿದೆ. ಗಟ್ಟಿ ಹಲಗೆ ಏಳೆಂಟು ಕ್ಯಾನ್ ಹೊತ್ತಿತು. ಐದನೆಯದಕ್ಕೇ ಕಿರುಗುಟ್ಟಲು ಶುರು ಮಾಡಿ, ಬಾಗಿ, ಕೊನೆಗೆ ಉದ್ದುದ್ದ ಸಿಬಿರು ಎದ್ದು ಮುರಿಯಿತು. ನೋಡಲು ಹಾಗೇ ಇದ್ದ, ಒಂದು ತುದಿಯಲ್ಲಿ ಮಾತ್ರ ಕಂದು ಬಣ್ಣ ತಿರುಗಿದ್ದ ಹಲಗೆ ಎರಡನೇ ಕ್ಯಾನಿಗೆ ಟಪ್ ಅಂತ ತುಂಡಾಯಿತು. ಬಾಗಲಿಲ್ಲ. ಸದ್ದು ಮಾಡಿ ಎಚ್ಚರಿಸಲೂ ಇಲ್ಲ.

ಇದನ್ನು ನೋಡಿದ ಮೇಲೆ ನನ್ನ ನಡಿಗೆಯೇ ಬದಲಾಯಿತು. ಕಿರುಗುಟ್ಟುವ ನೆಲಕ್ಕೆ ಎಲ್ಲರೂ ಹೆದರುತ್ತಾರೆ. ಕಿರುಗುಟ್ಟಿದರೆ ಮೊಳೆ ಸಡಿಲ ಆಗಿರಬಹುದು, ಮರ ಇನ್ನೂ ಬಾಗುತ್ತಿದೆ ಎಂದರ್ಥ. ನನಗೆ ಹೆದರಿಕೆ ಸದ್ದೇ ಮಾಡದೆ ಮೆತ್ತಗೆ ಅನ್ನಿಸುವ ನೆಲದ್ದು. ಕಂದು ಲಡ್ಡು ಹಿಡಿದ ಮರ ಶೇ 10ರಷ್ಟು ತೂಕ ಕಳೆದುಕೊಳ್ಳುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಶಕ್ತಿ ಕಳೆದುಕೊಂಡಿರುತ್ತದೆ. ಅಂದರೆ ಕಣ್ಣಿಗೆ ಕೊಳೆತ ಹಾಗೆ ಕಾಣುವ ಮುಂಚೆಯೇ ಮುಗಿದಿರುತ್ತದೆ.

ಈಗ ಕ್ರಮಕ್ಕೆ ಬರುತ್ತೇನೆ. ಕೆಳಗೆ ನಿಲ್ಲುವಾಗಲೂ ನೇರ ಕೋಣೆ ನಡುವೆ ನಿಲ್ಲುವುದಿಲ್ಲ, ಬಾಗಿಲಲ್ಲಿ ನಿಂತು ಟಾರ್ಚನ್ನು ಸೀಲಿಂಗಿಗೆ ಓರೆಯಾಗಿ ಹಿಡಿಯುತ್ತೇನೆ. ನೇರವಾಗಿ ಹಿಡಿದರೆ ಜಗ್ಗಿರುವುದು ಕಾಣುವುದಿಲ್ಲ. ಓರೆ ಬೆಳಕಿಗೆ ಒಂದು ಬೆರಳಷ್ಟು ಜಗ್ಗಿದ್ದರೂ ನೆರಳು ಬೀಳುತ್ತದೆ. ನಂತರ ತೊಲೆಯ ತುದಿಗಳು, ನೀರಿನ ಕಲೆಯ ಅಂಚು, ಇದ್ದಿಲಿನ ಹಾಗೆ ಚೌಕ ಚೌಕವಾಗಿ ಬಿರಿದ ಮರ, ಗೆದ್ದಲಿನ ಮಣ್ಣಿನ ಸುರಂಗ. ಕೈಗೆ ಎಟುಕುವ ತೊಲೆಗೆ ಸ್ಕ್ರೂಡ್ರೈವರ್ ಚುಚ್ಚಿ ಮೇಲಕ್ಕೆ ಮೀಟುತ್ತೇನೆ. ಉದ್ದ ಸಿಬಿರು ಎದ್ದರೆ ಸರಿ. ಚಿಕ್ಕ ತುಂಡಾಗಿ ಪುಡಿ ಉದುರಿದರೆ ಆ ಸಾಲು ಬೇಡ. ಗೆದ್ದಲು ತಿಂದ ತೊಲೆಗೆ ಮೇಲ್ಮೈ ಚೆನ್ನಾಗಿಯೇ ಇರುತ್ತದೆ, ಸುತ್ತಿಗೆಯಲ್ಲಿ ತಟ್ಟಿದರೆ ಟೊಳ್ಳು ಗೊತ್ತಾಗುತ್ತದೆ.

ನೋಡಿದ್ದನ್ನೆಲ್ಲ ಕೆಳಗಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ಕಿಟಕಿಯಿಂದ ಎಷ್ಟು ಹೆಜ್ಜೆ, ಗೋಡೆಯಿಂದ ಎಷ್ಟು ಹೆಜ್ಜೆ. ಅದನ್ನೇ ಒಂದು ಫೋಟೋ ತೆಗೆದು ಮೇಲೆ ಹೋಗುತ್ತೇನೆ. ಮಹಡಿಯ ಕಿಟಕಿಗಳು ಸಾಮಾನ್ಯವಾಗಿ ಒಂದರ ಮೇಲೊಂದು ಇರುವುದರಿಂದ ಲೆಕ್ಕ ತಪ್ಪುವುದಿಲ್ಲ. ಮೇಲೆ ಮೊಳೆಯ ಸಾಲು ಕಂಡರೆ ಅದರ ಕೆಳಗೆ ತೊಲೆ ಇದೆ ಎಂದು ಗೊತ್ತು, ಸಾಮಾನ್ಯವಾಗಿ 40ರಿಂದ 60 ಸೆಂಟಿಮೀಟರ್‌ಗೆ ಒಂದು. ಪಾದ ಆ ಸಾಲಿನ ಮೇಲೇ. ಮುಂದೆ ಕೋಲು, ಆಮೇಲೆ ಅರ್ಧ ಭಾರ, ಆಮೇಲೆ ಪೂರ್ತಿ ಭಾರ. ಕೋಲಿನ ತುದಿಗೆ ನಾನು ಏನು ಕಟ್ಟಿಕೊಂಡಿದ್ದೇನೆ, ಅದನ್ನು ಎಷ್ಟು ಎತ್ತರದಿಂದ ಬಿಡುತ್ತೇನೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಜೊತೆಗೆ ಬಂದವರಿಗೆ ಕೈಯಲ್ಲಿ ಹಿಡಿಸಿ ತೋರಿಸುತ್ತೇನೆ. ಅದು ನೆಲಕ್ಕೆ ಬಿದ್ದಾಗ ಬರುವ ಸದ್ದು ಕಿವಿಗೆ ಕೂರದೆ ಕೈಚಳಕ ಒಂದನ್ನೇ ಕಲಿತರೆ ಪ್ರಯೋಜನ ಇಲ್ಲ.

ಸೀಲಿಂಗಿಗೆ ಕೆಳಗಿನಿಂದ ಹಲಗೆ ಅಥವಾ ಜಿಪ್ಸಮ್ ಬಡಿದಿದ್ದರೆ? ಇದನ್ನೇ ಎಲ್ಲರೂ ಕೇಳುವುದು. ಮೊಬೈಲಿಗೆ ಸಿಕ್ಕಿಸುವ ತೆಳು ವೈರಿನ ಕ್ಯಾಮೆರಾ ಇಟ್ಟುಕೊಂಡಿದ್ದೇನೆ. ಮೀಟರಿಗೆ ಹಾಕಿದ ದುಡ್ಡಿನ ಹತ್ತನೇ ಒಂದು ಭಾಗವೂ ಇಲ್ಲ. ಹಳೆಯ ಲೈಟಿನ ತೂತು, ಪೈಪ್ ಹೋದ ತೂತು ಯಾವುದಾದರೂ ಇದ್ದೇ ಇರುತ್ತದೆ. ಹೊಸ ತೂತು ಮಾಡುವುದಿಲ್ಲ. ಇಣುಕಲು ದಾರಿಯೇ ಇಲ್ಲದಿದ್ದರೆ ಆ ಕೋಣೆ ಬಿಟ್ಟುಬಿಡುತ್ತೇನೆ. ಈ ಕ್ಯಾಮೆರಾವನ್ನು ಉದ್ದದ ಕೋಲಿಗೆ ಕಟ್ಟಿ ಅಟ್ಟದೊಳಗೆ ಬಿಡುವ ಪ್ರಯೋಗವನ್ನೂ ಮಾಡಿದೆ. ಅಲುಗಾಟಕ್ಕೆ ಏನೂ ಕಾಣಲಿಲ್ಲ. ಕೋಲನ್ನು ಯಾವುದಾದರೂ ಅಂಚಿಗೆ ಒರಗಿಸಿ ಕೆಲವು ಸೆಕೆಂಡು ಸುಮ್ನೆ ಹಿಡಿದರೆ ಮಾತ್ರ ಚಿತ್ರ ಬರುತ್ತದೆ.

ಈ ಕ್ರಮದ ಬಗ್ಗೆ ಮಾತು ನಿಂತದ್ದು ಒಂದು ಹಳೆಯ ಗೋದಾಮಿನಲ್ಲಿ. ಮೇಲಿನ ಮಹಡಿಯಲ್ಲಿ ಒಂದು ಭಾಗಕ್ಕೆ ಲಿನೋಲಿಯಂ ಹಾಸಿತ್ತು. ಇಡೀ ಮಹಡಿಯಲ್ಲಿ ಅದೇ ಚೆಂದ, ಅದೇ ಸಮ. ಉಳಿದ ಕಡೆ ಹಲಗೆ ಎದ್ದು ಕಿರುಗುಟ್ಟುತ್ತಿತ್ತು. ಎಲ್ಲರೂ ಲಿನೋಲಿಯಂ ಮೇಲೆ ದಾಟೋಣ ಅಂದರು. ಕೆಳಗಿನಿಂದ ನಾನು ಆ ಭಾಗಕ್ಕೇ ಅಡ್ಡಗೆರೆ ಎಳೆದಿದ್ದೆ. ಛಾವಣಿಯಿಂದ ಸೋರಿದ ನೀರು ಹಾಸಿನ ಅಡಿಗೆ ನುಗ್ಗಿ ಮತ್ತೆ ಆವಿಯಾಗಲು ದಾರಿಯಿಲ್ಲದೆ ಹಲಗೆಯಲ್ಲೇ ಕೂತಿತ್ತು, ಮೂರು ತೊಲೆಯ ತುದಿ ಕಪ್ಪಾಗಿತ್ತು. ನಾವು ಕಿರುಗುಟ್ಟುವ ಕಡೆಯಿಂದಲೇ ಸುತ್ತಿ ಹೋದೆವು. ಮುಂದಿನ ಮಳೆಗಾಲ ಕಳೆದು ಹೋದಾಗ ನಾನು ಗೆರೆ ಎಳೆದಿದ್ದ ಅಷ್ಟೂ ಭಾಗ ಕೆಳಗೆ ಬಿದ್ದಿತ್ತು. ಕಿರುಗುಟ್ಟುವ ಹಲಗೆಗಳು ಹಾಗೇ ಇದ್ದವು. ಆಮೇಲೆ ನನ್ನನ್ನು ಯಾರೂ ಅವಸರ ಮಾಡಿಲ್ಲ.

ಕಾಂಕ್ರೀಟಿನ ಸ್ಲ್ಯಾಬ್ ಕೂಡ ಕೆಳಗಿನಿಂದಲೇ ಓದಬೇಕು. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ, ಹಾಗಾಗಿ ಕಂಬಿಯ ಉದ್ದಕ್ಕೂ ಬಿರುಕು ಬಿಟ್ಟು ಕೆಳಗಿನ ಪದರ ಉದುರುತ್ತದೆ. ಕಂದು ಗೆರೆ ಇದೆಯೋ, ಪದರ ಉದುರಿದೆಯೋ, ಕಂಬಿ ತೆಳ್ಳಗಾಗಿದೆಯೋ ಅಂತ ನೋಡುತ್ತೇನೆ. ಮೇಲೆ ನೀರು ನಿಂತಿದ್ದರೆ ಅದರ ತೂಕವನ್ನೂ ಲೆಕ್ಕ ಹಾಕಬೇಕು. 10 ಸೆಂಟಿಮೀಟರ್ ನೀರು ಅಂದರೆ ಚದರ ಮೀಟರಿಗೆ 100 ಕೆಜಿ. ಮನೆಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆಜಿ ಆಸುಪಾಸಿನ ಭಾರಕ್ಕೆ ಕಟ್ಟಿರುತ್ತಾರೆ, ಅದೂ ಹೊಸದಾಗಿದ್ದಾಗ. ಅರ್ಧ ಅಲ್ಲಿಗೇ ಹೋಯಿತು.

ಬಾಲ್ಕನಿ, ಛಜ್ಜಾ ಮಾತ್ರ ನನ್ನ ಕ್ರಮಕ್ಕೆ ಸಿಗುವುದಿಲ್ಲ. ಹೊರಚಾಚಿದ ಸ್ಲ್ಯಾಬಿನಲ್ಲಿ ಭಾರ ಹೊರುವ ಕಂಬಿ ಮೇಲ್ಭಾಗದಲ್ಲಿರುತ್ತದೆ, ನೀರು ನಿಲ್ಲುವುದೂ ಮೇಲೆಯೇ. ಕೆಳಗೆ ಚೆನ್ನಾಗಿ ಕಾಣುತ್ತಿದ್ದರೂ ಗೋಡೆ ಸೇರುವ ಕಡೆ ಒಳಗೆ ಕೊರೆದು ಹೋಗಿರಬಹುದು. ಮರದ ಬಾಲ್ಕನಿಯದೂ ಅದೇ ಕಥೆ. 2015ರ ಜೂನ್‌ನಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ ಒಂದು ಬಾಲ್ಕನಿ ಮುರಿದು ಆರು ಜನ ಸತ್ತರು. ಕಾರಣ, ಒಳಗೆ ಕೊಳೆತ ತೊಲೆಗಳು. ಅದು ಪಾಳು ಕಟ್ಟಡವೂ ಅಲ್ಲ, ಕಟ್ಟಿ ಹತ್ತು ವರ್ಷವೂ ಆಗಿರಲಿಲ್ಲ. ಬಾಲ್ಕನಿಗೆ ನಾನು ಕಾಲಿಡುವುದೇ ಇಲ್ಲ. ಎಷ್ಟೇ ಒಳ್ಳೆಯ ಫೋಟೋ ಸಿಗುವಂತಿದ್ದರೂ ಇಲ್ಲ.

ಬೆಂಕಿ ಬಿದ್ದ ಕಟ್ಟಡಕ್ಕೆ ಮೇಲೆ ಹತ್ತುವುದಿಲ್ಲ, ಅಷ್ಟೇ.

ಮೆಟ್ಟಿಲಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲು ಮೆಟ್ಟಿಲಿನ ಅಡಿಗೆ ಹೋಗಿ ನೋಡುತ್ತೇನೆ. ಮರದ್ದಾದರೆ ಎರಡು ಪಕ್ಕದ ಹಲಗೆ ಗೋಡೆಗೆ, ನೆಲಕ್ಕೆ ಸೇರುವ ಜಾಗ ಮುಖ್ಯ. ಕೆಳಗಿನ ತುದಿ ಒದ್ದೆ ನೆಲದಲ್ಲಿ ಕೂತು ಕೊಳೆತಿರುತ್ತದೆ. ಹತ್ತುವಾಗ ಪಾದ ಪಕ್ಕದ ಹಲಗೆಯ ಹತ್ತಿರದ ಅಂಚಿಗೆ, ನಡುವಿಗಲ್ಲ. ಗೋಡೆಯಿಂದ ಹೊರಚಾಚಿದ ಕಲ್ಲಿನ ಮೆಟ್ಟಿಲಿನಲ್ಲಿ ಪ್ರತಿಯೊಂದು ಕಲ್ಲೂ ತನ್ನ ಕೆಳಗಿನ ಕಲ್ಲಿನ ಮೇಲೆ ಸ್ವಲ್ಪ ಕೂತಿರುತ್ತದೆ. ನಡುವೆ ಒಂದು ಮುರಿದಿದ್ದರೆ ಅದನ್ನು ದಾಟಿ ಮೇಲಿನದಕ್ಕೆ ಕಾಲಿಡುವುದು ದೊಡ್ಡ ಅಪಾಯ, ಮೇಲಿನದಕ್ಕೇ ಆಧಾರ ತಪ್ಪಿದೆ. ಅಂಥದ್ದನ್ನು ಕಂಡರೆ ಅಲ್ಲಿಂದಲೇ ವಾಪಸ್. ಕಬ್ಬಿಣದ ಮೆಟ್ಟಿಲಿನಲ್ಲಿ ತುಳಿಯುವ ತಗಡಿಗಿಂತ ಅದು ಪಕ್ಕಕ್ಕೆ ಸೇರುವ ಬೋಲ್ಟ್ ಮೊದಲು ಹೋಗುತ್ತದೆ. ಬಣ್ಣದ ಅಡಿಯಲ್ಲಿ ತುಕ್ಕು ಪದರ ಪದರ ಉಬ್ಬಿದ್ದರೆ ನಾನು ಹತ್ತುವುದಿಲ್ಲ.

ಇಳಿಯುವುದು ಹತ್ತುವುದಕ್ಕಿಂತ ಅಪಾಯ. ಇಳಿಯುವಾಗ ದೇಹ ಪ್ರತಿ ಮೆಟ್ಟಿಲಿನ ಮೇಲೆ ಬೀಳುತ್ತದೆ, ಮೆಟ್ಟಿಲಿಗೆ ಬೀಳುವ ಏಟು ಜಾಸ್ತಿ. ಅನುಮಾನ ಇರುವ ಮರದ ಮೆಟ್ಟಿಲನ್ನು ನಾನು ಮುಖ ಮೆಟ್ಟಿಲ ಕಡೆ ಮಾಡಿ, ಕೈ ಎರಡೂ ಮೇಲಿನ ಮೆಟ್ಟಿಲಿನಲ್ಲಿ ಊರಿ, ಹಿಮ್ಮುಖವಾಗಿ ಇಳಿಯುತ್ತೇನೆ. ಭಾರ ನಾಲ್ಕು ಕಡೆ ಹಂಚಿಹೋಗುತ್ತದೆ. ಒಂದು ಸಾಲು ಮೆಟ್ಟಿಲಿನಲ್ಲಿ ಒಬ್ಬರೇ, ತಿರುವಿನ ಕಟ್ಟೆಯ ಮೇಲೂ ಒಬ್ಬರೇ. ರೇಲಿಂಗನ್ನು ನಾನು ಇಲ್ಲವೆಂದೇ ಲೆಕ್ಕ ಹಾಕುತ್ತೇನೆ.

ಇಷ್ಟೆಲ್ಲ ಆದರೂ ಕಾಲು ಹಲಗೆಯೊಳಗೆ ಹೋಗಬಹುದು. ಹೋದರೆ ಮುಂದಕ್ಕೆ ಹಾರಬೇಡಿ. ಬಂದ ಕಡೆಗೇ ಹಿಂದಕ್ಕೆ ಕೂತುಬಿಡಿ, ಕೈ ಅಗಲ ಮಾಡಿ. ಬಂದ ಜಾಗ ನಿಮ್ಮ ಭಾರ ಆಗಲೇ ತಡೆದಿದೆ. ಕಾಲನ್ನು ಸರ್ರನೆ ಎಳೆಯಬಾರದು, ಮುರಿದ ಹಲಗೆಯ ಸಿಬಿರುಗಳೆಲ್ಲ ಕೆಳಮುಖವಾಗಿ ನಿಂತಿರುತ್ತವೆ, ಎಳೆದಷ್ಟೂ ಮಾಂಸಕ್ಕೆ ಇಳಿಯುತ್ತವೆ. ಸುತ್ತಲಿನ ಸಿಬಿರು ಮೊದಲು ಕೈಯಲ್ಲಿ ಕೆಳಕ್ಕೆ ಮುರಿದು, ಆಮೇಲೆ ನಿಧಾನಕ್ಕೆ ನೇರ ಮೇಲಕ್ಕೆ. ಜೊತೆಗಿರುವವರು ಓಡಿ ಬರಬಾರದು. ಇದನ್ನು ನಮ್ಮ ತಂಡದವರಿಗೆ ಗಟ್ಟಿ ನೆಲದ ಮೇಲೆ ಕೂರಿಸಿ ಅಭ್ಯಾಸ ಮಾಡಿಸಿದ್ದೇನೆ. ಆ ಹೊತ್ತಿನಲ್ಲಿ ಎಲ್ಲರ ಕಾಲೂ ತಾನಾಗಿಯೇ ಓಡಲು ನೋಡುತ್ತದೆ.

ಈಗ ಹಗುರ ಅಲ್ಯೂಮಿನಿಯಂ ಏಣಿಯನ್ನು ನೆಲದ ಮೇಲೆ ಮಲಗಿಸಿ, ಮೂರ್ನಾಲ್ಕು ತೊಲೆಗೆ ಭಾರ ಹಂಚಿ ದಾಟುವುದನ್ನು ಮನೆ ಅಂಗಳದಲ್ಲಿ ಪರೀಕ್ಷೆ ಮಾಡುತ್ತಿದ್ದೇನೆ. ನೀರಿನ ಕ್ಯಾನುಗಳ ಲೆಕ್ಕದಲ್ಲಿ ಫಲಿತಾಂಶ ಚೆನ್ನಾಗಿದೆ. ಒಳಗೆ ಹೊತ್ತುಕೊಂಡು ಹೋಗುವುದೇ ಕಷ್ಟ, ತಿರುವಿನ ಮೆಟ್ಟಿಲಲ್ಲಿ ತಿರುಗುವುದಿಲ್ಲ. ಎರಡು ತುಂಡಾಗಿ ಬಿಚ್ಚುವಂಥದ್ದನ್ನು ತರಿಸಿದ್ದೇನೆ. ಅದರ ಕೀಲು ನಡುಭಾರಕ್ಕೆ ಎಷ್ಟು ಬಾಗುತ್ತದೆ ಎಂದು ನೋಡಿದ ಮೇಲೆ ಮಾತ್ರ ಕಟ್ಟಡದೊಳಗೆ ಒಯ್ಯುತ್ತೇನೆ.