ಅಜ್ಜನ ಟ್ರ್ಯಾಕ್ಟರಿಗೆ ಆಲ್ಟರ್‌ನೇಟರ್ ಕೂರಿಸಿದ್ದು

ನಮ್ಮ ಮನೆಯ ಬಿ-275 ಟ್ರ್ಯಾಕ್ಟರನ್ನು ಇಷ್ಟು ವರ್ಷ ದಣಪೆಯಿಂದಾಚೆ ಇಳಿಜಾರಿನಲ್ಲೇ ನಿಲ್ಲಿಸುತ್ತಿದ್ದೆವು. ಬೆಳಿಗ್ಗೆ ಸೆಲ್ಫ್ ಎತ್ತದಿದ್ದರೆ ಉರುಳಿಸಿ ಗೇರಿಗೆ ಹಾಕಲು ಅನುಕೂಲ ಎಂದು. ಶಿರಸಿ ಕಡೆ ಇಳಿಜಾರಿಗೇನೂ ಬರವಿಲ್ಲ. ಆದರೆ ಮಳೆಗಾಲದ ಸಂಜೆ, ಬೆಟ್ಟದಿಂದ ಸೊಪ್ಪು ತುಂಬಿ ಬರುವಾಗ ಹೆಡ್‌ಲೈಟ್ ಬೆಂಕಿಕಡ್ಡಿಯಷ್ಟೇ ಉರಿಯುವುದು ಅಪಾಯ. ಒಮ್ಮೆ ಟ್ರೈಲರಿನ ಗಾಲಿ ಧರೆಯ ಅಂಚಿಗೇ ಬಂತು. ಅವತ್ತೇ ವೈರಿಂಗ್ ಪೂರ್ತಿ ಬದಲಿಸಲು ತೀರ್ಮಾನಿಸಿದೆ.

ಇಂಗ್ಲೆಂಡಿನ ಡಾನ್‌ಕಾಸ್ಟರ್‌ನಲ್ಲಿ ತಯಾರಾಗುತ್ತಿದ್ದ ಮಾದರಿ ಇದು. 1963ರಲ್ಲಿ ಮಹೀಂದ್ರಾದವರು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ಟ್ರ್ಯಾಕ್ಟರ್ ತಯಾರಿಕೆಗೆ ಇಳಿದರು. ಎಂಜಿನ್ ಇವತ್ತಿಗೂ ಗಟ್ಟಿ. ಸೋತಿದ್ದು ಡೈನಮೋ, ಎಂಜಿನ್ನಿನ ಬೆಲ್ಟಿನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ. ಅದರಲ್ಲಿ ಕರೆಂಟು ಹುಟ್ಟುವುದೇ ತಿರುಗುವ ಆರ್ಮೇಚರಿನ ಸುರುಳಿಯಲ್ಲಿ. ವೇಗ ಮಿತಿಮೀರಿದರೆ ಸುರುಳಿ ಕಿತ್ತು ಬರುತ್ತದೆ ಎಂದು ಪುಲ್ಲಿ ದೊಡ್ಡದಿಟ್ಟಿರುತ್ತಾರೆ. ಹಾಗಾಗಿ ಐಡ್ಲಿಂಗಿನಲ್ಲಿ (ಎಂಜಿನ್ ನಿಧಾನ ಓಡುವಾಗ) ಚಾರ್ಜಿಂಗ್ ಇಲ್ಲವೆಂದೇ ಹೇಳಬೇಕು. ಆಲ್ಟರ್‌ನೇಟರಿನಲ್ಲಿ (ಅದೇ ಕೆಲಸದ ಹೊಸ ಬಗೆಯ ಯಂತ್ರ) ಕರೆಂಟು ಹುಟ್ಟುವ ದಪ್ಪ ಸುರುಳಿ ಹೊರಗಿನ ಸ್ಟೇಟರಿನಲ್ಲಿ ಸ್ಥಿರವಾಗಿರುತ್ತದೆ, ತಿರುಗುವುದು ರೋಟರ್ ಮಾತ್ರ. ಸಣ್ಣ ಪುಲ್ಲಿ ಹಾಕಿ ಜೋರಾಗಿ ತಿರುಗಿಸಿದರೂ ತಡೆಯುತ್ತದೆ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಳಗಿನ ಡಯೋಡ್‌ಗಳು ಎಸಿಯನ್ನು ಡಿಸಿ ಮಾಡುತ್ತವೆ.

ಆ ಡಯೋಡ್‌ಗಳೇ ನಾಜೂಕು. ಸ್ಪ್ಯಾನರ್ ಹಿಡಿಯುವ ಮೊದಲು ನೋಡಬೇಕಾದದ್ದು ಒಂದೇ: ಬ್ಯಾಟರಿಯ ಯಾವ ತುದಿ ಚಾಸಿಗೆ ಸೇರಿದೆ? ನಮ್ಮದರಲ್ಲಿ ಪ್ಲಸ್. ಹಳೆಯ ಇಂಗ್ಲಿಷ್ ಗಾಡಿಗಳಲ್ಲಿ ಹೀಗೆ ಪ್ಲಸ್ ಚಾಸಿಗೆ ಸೇರಿರುವ ಪಾಸಿಟಿವ್ ಅರ್ತ್ ಸಾಮಾನ್ಯ. ಈಗ ಅಂಗಡಿಯಲ್ಲಿ ಸಿಗುವ ಆಲ್ಟರ್‌ನೇಟರ್ ಬಹುತೇಕ ನೆಗೆಟಿವ್ ಅರ್ತಿನವು. ನೋಡದೆ ಜೋಡಿಸಿದರೆ ಕ್ಷಣಮಾತ್ರದಲ್ಲಿ ಡಯೋಡ್ ಸುಡುತ್ತದೆ. ಅರ್ತನ್ನು ಮೈನಸ್ಸಿಗೆ ತಿರುಗಿಸುವುದು ಕಷ್ಟವಲ್ಲ. ಬಲ್ಬುಗಳಿಗೆ ದಿಕ್ಕಿನ ಹಂಗಿಲ್ಲ. ಸೀರೀಸ್ ಸುರುಳಿಯ ಸ್ಟಾರ್ಟರ್ ಮೋಟರ್ ಹೇಗೆ ಕೊಟ್ಟರೂ ಅದೇ ದಿಕ್ಕಿಗೆ ತಿರುಗುತ್ತದೆ. ಆಮ್‌ಮೀಟರಿನ ಎರಡು ವೈರು ಅದಲುಬದಲು ಮಾಡಿದರೆ ಸಾಕು. ಬ್ಯಾಟರಿಯ ಪ್ಲಸ್ ಕಂಬ ಮೈನಸ್ಸಿಗಿಂತ ದಪ್ಪವಾದ್ದರಿಂದ ಹಳೆಯ ಕ್ಲ್ಯಾಂಪ್ ಕೂರಲಿಲ್ಲ, ಹೊಸ ಜೋಡಿ ತಂದೆ.

ಆಮೇಲೆ ಹಳೆಯ ವೈರಿಂಗಿನ ನಕ್ಷೆ ಬರೆದೆ. ಎರಡು ಸಂಜೆ ಹಿಡಿಯಿತು. ಅರ್ಧ ವೈರು ಇಲಿ ಕಡಿದಿದ್ದವು, ಉಳಿದವು ಮಳೆಗಾಲದ ತಂಪಿಗೆ ಒಳಗೇ ಹಸಿರುಗಟ್ಟಿದ್ದವು. ಇನ್ಸುಲೇಷನ್ ಸುಲಿದರೆ ತಾಮ್ರದ ಬದಲು ಪುಡಿ! ಹಾಗಾಗಿ ಹಳೆಯದರಲ್ಲಿ ಒಂದನ್ನೂ ಉಳಿಸಲಿಲ್ಲ.

ಹಳೆಯ ಜೀಪಿನದೊಂದು 35 ಆಂಪಿಯರ್ ಆಲ್ಟರ್‌ನೇಟರ್ ಸಿಕ್ಕಿತು, ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಒಳಗೇ ಇರುವಂಥದ್ದು. ಡೈನಮೋ ಉದ್ದ, ಇದು ಗಿಡ್ಡ. ನಡುವಿನ ಜಾಗ ತುಂಬಲು ಶಿರಸಿಯ ಲೇತಿನಲ್ಲಿ ಕಬ್ಬಿಣದ ಬುಷ್ ಮಾಡಿಸಿದೆ. ಲೇತಿನವರು ಬೇಸರವಿಲ್ಲದೆ ಮೂರು ಸಲ ಕೆರೆದುಕೊಟ್ಟರು, ಆ ತಾಳ್ಮೆ ದೊಡ್ಡದು. ಪುಲ್ಲಿಗಳು ಒಂದೇ ಗೆರೆಗೆ ಬಾರದಿದ್ದರೆ ಬೆಲ್ಟ್ ಒಂದು ಮಗ್ಗುಲು ತಿನ್ನುತ್ತದೆ. ನೇರ ಪಟ್ಟಿಯಿಟ್ಟು ನೋಡಿದೆ. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 12 ಮಿಲಿಮೀಟರ್ ಬಗ್ಗಬೇಕು.

ಡೈನಮೋದ ಕಂಟ್ರೋಲ್ ಬಾಕ್ಸಿಗೆ ಇನ್ನು ಕೆಲಸವಿಲ್ಲ, ಬ್ಯಾಟರಿಯ ಕರೆಂಟು ಡೈನಮೋಗೆ ವಾಪಸ್ ಹರಿಯದಂತೆ ತಡೆಯುವ ಅದರ ಕಟ್‌ಔಟೂ ರೆಗ್ಯುಲೇಟರೂ ಸರ್ಕ್ಯೂಟಿನಿಂದ ಹೊರಗೆ. ಆಲ್ಟರ್‌ನೇಟರಿನ ಮುಖ್ಯ ತಂತಿ 6 ಚದರ ಮಿಲಿಮೀಟರಿನದು, 40 ಆಂಪಿಯರ್ ಫ್ಯೂಸ್ ದಾಟಿ ನೇರ ಸ್ಟಾರ್ಟರಿನ ಬ್ಯಾಟರಿ ಬೋಲ್ಟಿಗೆ. 30 ಆಂಪಿಯರಿನ ಹಳೆಯ ಆಮ್‌ಮೀಟರ್ ಮೂಲಕ ಇಷ್ಟು ಕರೆಂಟು ಹರಿಸುವುದು ಬೇಡವೆನಿಸಿ, ಅದನ್ನು ತಪ್ಪಿಸಿ ವೋಲ್ಟ್‌ಮೀಟರ್ ಸೇರಿಸಿದೆ. ಹೆಡ್‌ಲೈಟಿಗೆ ಬೇರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ನಡೆಸುವ ಸ್ವಿಚ್).

ಇನ್ನುಳಿದದ್ದು ಸಣ್ಣ ವೈರು, ಚಾರ್ಜಿಂಗ್ ಇಲ್ಲದಾಗ ಉರಿಯುವ ವಾರ್ನಿಂಗ್ ಲ್ಯಾಂಪಿನದು. ನಾನು ಎಡವಿದ್ದು ಇಲ್ಲೇ. ಸ್ವಿಚ್ ಹಾಕಿದಾಗ ಈ ಬಲ್ಬಿನ ಮೂಲಕವೇ ರೋಟರಿಗೆ ಮೊದಲ ಕರೆಂಟು ಹೋಗಬೇಕು. ಚಾರ್ಜಿಂಗ್ ಶುರುವಾದಾಗ ಬಲ್ಬಿನ ಎರಡೂ ಕಡೆ ವೋಲ್ಟೇಜ್ ಸಮವಾಗಿ ಅದು ಆರುತ್ತದೆ. ಚೆಂದಕ್ಕೆಂದು ನಾನು ಎಲ್‌ಇಡಿ ಹಾಕಿದ್ದೆ. ಎಂಜಿನ್ ಎಬ್ಬಿಸಿದರೆ ಮೀಟರಿನಲ್ಲಿ 12.3 ವೋಲ್ಟ್, ಕದಲಲಿಲ್ಲ. ಆಕ್ಸಿಲರೇಟರ್ ಪೂರ್ತಿ ಎಳೆದಾಗ ಮಾತ್ರ ಒಮ್ಮೆಲೇ 14ಕ್ಕೆ ಜಿಗಿಯಿತು. ರೋಟರಿಗೆ ಕರೆಂಟು ಮುಟ್ಟಿಸುವ ಬ್ರಷ್ ಕೆಟ್ಟಿದೆಯೆಂದು ಆಲ್ಟರ್‌ನೇಟರ್ ಬಿಚ್ಚಿ ಒಂದಿಡೀ ದಿನ ಕಳೆದೆ. ಎಲ್‌ಇಡಿಯಲ್ಲಿ ಹರಿಯುವ ಕರೆಂಟು ರೋಟರನ್ನು ಎಬ್ಬಿಸಲು ಸಾಲದು ಎಂದು ಹೊಳೆದದ್ದು ರಾತ್ರಿ ಮಲಗಿದಾಗ. ಬೆಳಿಗ್ಗೆ 2.2 ವಾಟಿನ ಸಾದಾ ಬಲ್ಬ್ ಹಾಕಿದೆ. ಐಡ್ಲಿಂಗಿನಲ್ಲೇ 14.1 ಬಂತು, ಬಲ್ಬ್ ಆರಿತು. ಅಪ್ಪಯ್ಯ ಕೊಟ್ಟಿಗೆಯಿಂದ ಬಂದು ಹೆಡ್‌ಲೈಟ್ ಎದುರು ಕೈ ಹಿಡಿದು ನೋಡಿದರು.

ಈ ಬಲ್ಬಿಗೆ ಕರೆಂಟು ಕೀ ಸ್ವಿಚ್ಚಿನಿಂದಲೇ ತೆಗೆದುಕೊಳ್ಳಬೇಕು. ಡೀಸೆಲ್ ಎಂಜಿನ್ ಆರಿಸುವುದು ಎಳೆಯುವ ನಾಬಿನಿಂದ, ಕೀ ಹಾಗೇ ಮರೆತುಹೋಗುವುದುಂಟು. ಮರೆತರೆ ರಾತ್ರಿಯಿಡೀ ರೋಟರ್ ಬ್ಯಾಟರಿ ಹೀರುತ್ತದೆ. ಅದಕ್ಕೇ ಬಲ್ಬನ್ನು ಇಳಿಯುವಾಗ ಕಣ್ಣಿಗೆ ಬೀಳುವ ಕಡೆ ಕೂರಿಸಿದ್ದೇನೆ.

ಬ್ರಾಕೆಟ್ಟಿಗೆ ಹೊಸ ಪೇಂಟ್ ಹೊಡೆಯುವವರು ಬೋಲ್ಟ್ ಕೂರುವ ಜಾಗ ಕೆರೆಯಿರಿ, ಆಲ್ಟರ್‌ನೇಟರಿನ ಅರ್ತ್ ಅಲ್ಲಿಂದಲೇ. ನಾನು ಬೇರೆ ಅರ್ತ್ ವೈರನ್ನೂ ಎಂಜಿನ್ನಿಗೆ ಎಳೆದಿದ್ದೇನೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಳಚುವ ಹಳೆಯ ಚಾಳಿ ಡೈನಮೋ ಕಾಲಕ್ಕೆ ನಡೆಯುತ್ತಿತ್ತು, ಈಗ ಮಾಡಿದರೆ ವೋಲ್ಟೇಜ್ ಜಿಗಿದು ಡಯೋಡ್ ಹೋದಂತೆ. ಟ್ರೈಲರಿನ ಕೊಕ್ಕೆಗೆ ವೆಲ್ಡಿಂಗ್ ಹಾಕಿಸುವ ಮೊದಲು ನಾನು ಬ್ಯಾಟರಿಯನ್ನೂ ಆಲ್ಟರ್‌ನೇಟರಿನ ವೈರುಗಳನ್ನೂ ಬಿಚ್ಚಿಡುತ್ತೇನೆ. ವೆಲ್ಡರ್ ಕಾಯಬೇಕಾಗುತ್ತದೆ, ಕಾಯಲಿ.