ಕಾಲು ರೊಟ್ಟಿಗೆ ಅರ್ಧ ಪೈ ಯಾಕೆ?

ವಿಜಯಪುರದ ಒಂದು ಪಿಯು ಕಾಲೇಜಿನಲ್ಲಿ ನಾನು ಗಣಿತ ಕಲಿಸುತ್ತೇನೆ. ಪ್ರಥಮ ಪಿಯುಸಿಯಲ್ಲಿ ರೇಡಿಯನ್, ಅಂದರೆ ಕೋನ ಅಳೆಯುವ ಇನ್ನೊಂದು ಮಾನದ, ಪಾಠ ಶುರುವಾದರೆ ಸಾಕು, ಮಕ್ಕಳ ಮುಖ ಬಾಡುತ್ತಿತ್ತು. ಅಲ್ಲಿಯವರೆಗೆ 90 ಡಿಗ್ರಿ, 180 ಡಿಗ್ರಿ ಅಂತ ಆರಾಮಾಗಿದ್ದವರು. ಈಗ ಅರ್ಧ ಪೈ, ಒಂದೂವರೆ ಪೈ. ಸುಮ್ನೆ ಬಾಯಿಪಾಠ ಮಾಡುತ್ತಿದ್ದರು, ಮುಂದಿನ ವಾರ ಮರೆಯುತ್ತಿದ್ದರು.

ಒಂದು ದಿನ ಹಲಗೆಯ ಮೇಲೆ ವೃತ್ತ ಬರೆದು, "ಇದು ಜೋಳದ ರೊಟ್ಟಿ. ಕಾಲು ಭಾಗ ಮುರಿದರೆ ಕೋನ ಎಷ್ಟು?" ಅಂತ ಕೇಳಿದೆ. "ಅರ್ಧ ಪೈ" ಅಂದರು ಎಲ್ಲರೂ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ, ಮುರಿದಿದ್ದು ಕಾಲು ರೊಟ್ಟಿ. ಮತ್ತ ಅರ್ಧ ಯಾಕ ಬಂತ್ರಿ?"

"ಪೂರ್ತಿ ಸುತ್ತು ಎರಡು ಪೈ, ಅದಕ್ಕೆ" ಅಂದೆ. ಅವಳು ಕೂತಳು, ಆದರೆ ಒಪ್ಪಿರಲಿಲ್ಲ. ಪೂರ್ತಿ ಸುತ್ತಿಗೇ ಒಂದು ಹೆಸರು ಯಾಕಿಲ್ಲ ಅನ್ನೋದೇ ಅವಳ ಪ್ರಶ್ನೆ ಅಲ್ವಾ?

ಹೆಸರು ಇದೆ. 2010ರಲ್ಲಿ ಮೈಕಲ್ ಹಾರ್ಟ್ಲ್ ಎಂಬವರು ಪೈನ ಎರಡರಷ್ಟಕ್ಕೆ, ಅಂದರೆ 6.2831ಕ್ಕೆ, ಟೌ ಎಂಬ ಗ್ರೀಕ್ ಅಕ್ಷರವನ್ನು ಕೊಡೋಣ ಎಂದರು. ಪರಿಧಿಯನ್ನು ವ್ಯಾಸದಿಂದ ಭಾಗಿಸಿದರೆ ಪೈ, ತ್ರಿಜ್ಯದಿಂದ ಭಾಗಿಸಿದರೆ ಟೌ. ಕಾಲು ಸುತ್ತು ಕಾಲು ಟೌ, ಅರ್ಧ ಸುತ್ತು ಅರ್ಧ ಟೌ. ನನಗೆ ಇದು ಹಿಡಿಸಿತು. ಗೂಟ ನೆಟ್ಟು ಹಗ್ಗ ಕಟ್ಟಿ ವೃತ್ತ ಬರೆಯುವಾಗ ಕೈಯಲ್ಲಿರುವುದು ತ್ರಿಜ್ಯ. ರೇಡಿಯನ್ ಹುಟ್ಟುವುದೂ ತ್ರಿಜ್ಯದಿಂದಲೇ: ವೃತ್ತದ ಅಂಚಿನಲ್ಲಿ ತ್ರಿಜ್ಯದಷ್ಟೇ ಉದ್ದ ಸಾಗಿದರೆ ನಡುವೆ ಆಗುವ ಕೋನ ಒಂದು ರೇಡಿಯನ್. ಹಾಗಿದ್ದಾಗ ವ್ಯಾಸದ ಸಂಖ್ಯೆಯನ್ನು ತಂದು ಪ್ರತಿ ಸಲ ಎರಡರಿಂದ ಗುಣಿಸುವುದು ಯಾಕೆ?

ಮುಂದಿನ ವರ್ಷ ಮಕ್ಕಳನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋದೆ. ಜನ ಕಡಿಮೆ ಇರುವ ಬೆಳಗಿನ ಹೊತ್ತು. ಗುಮ್ಮಟದ ಒಳಗಿನ ವ್ಯಾಸ ಸುಮಾರು 38 ಮೀಟರ್, ತ್ರಿಜ್ಯ 19. ಪಿಸುಮಾತು ಕೇಳಿಸುವ ಗ್ಯಾಲರಿಯಲ್ಲಿ ಗೋಡೆಯ ಪಕ್ಕದಲ್ಲೇ 19 ಮೀಟರ್ ನಡೆಯಿರಿ ಅಂದೆ. ಹೆಜ್ಜೆಯ ಅಳತೆ ಮೊದಲೇ ನೋಡಿಕೊಂಡಿದ್ದೆವು. ಹೊರಟ ಜಾಗಕ್ಕೂ ನಿಂತ ಜಾಗಕ್ಕೂ ನಡುಬಿಂದುವಿನಲ್ಲಿ ಆಗುವ ಕೋನವೇ ಒಂದು ರೇಡಿಯನ್. ಹೀಗೆ ಆರು ಸಲ ನಡೆದರೂ ಹೊರಟ ಜಾಗ ಸಿಗಲಿಲ್ಲ. ಇನ್ನೂ ಐದು ಮೀಟರಿಗಿಂತ ಸ್ವಲ್ಪ ಜಾಸ್ತಿ ಉಳಿದಿತ್ತು. ಆರು ತ್ರಿಜ್ಯ, ಮೇಲೊಂದು ಚೂರು. "ಆ ಚೂರೇ 0.28 ಏನ್ರಿ ಸರ?" ಅಂತ ಒಬ್ಬ ಕೂಗಿದ. ಅವನ ಮಾತು ಗೋಡೆಯಿಂದ ಗೋಡೆಗೆ ಹರಿದಾಡಿತು. ಆ ಬ್ಯಾಚಿನವರು ರೇಡಿಯನ್ ಮರೆಯಲಿಲ್ಲ.

ವೃತ್ತದ ವಿಸ್ತೀರ್ಣಕ್ಕೆ ಪೈ ಸೂತ್ರವೇ ಚೆಂದ, ಟೌ ಬಂದರೆ ಮುಂದೆ ಒಂದು ಅರ್ಧ ಅಂಟಿಕೊಳ್ಳುತ್ತದೆ ಅಂತ ಆಕ್ಷೇಪವಿದೆ. ನಾನು ಆ ಅರ್ಧವನ್ನು ಹಗ್ಗದಿಂದ ತೋರಿಸುತ್ತೇನೆ. ಸೆಣಬಿನ ಹಗ್ಗವನ್ನು ಸಿಂಬೆಯ ಹಾಗೆ ಒತ್ತಾಗಿ ಸುತ್ತಿ ನೆಲದ ಮೇಲೆ ಇಡಬೇಕು. ನಡುವಿನಿಂದ ಅಂಚಿನವರೆಗೆ ಒಂದೇ ಗೆರೆಯಲ್ಲಿ ಕತ್ತರಿಸಬೇಕು. ತುಂಡುಗಳನ್ನು ನೇರ ಮಾಡಿ, ಚಿಕ್ಕದು ಮೇಲೆ, ದೊಡ್ಡದು ಕೆಳಗೆ ಜೋಡಿಸಿದರೆ ತ್ರಿಕೋನ. ಎತ್ತರ ತ್ರಿಜ್ಯ. ಪಾದ ಹೊರಗಿನ ಸುತ್ತು, ಅಂದರೆ ಟೌ ಸಲ ತ್ರಿಜ್ಯ. ತ್ರಿಕೋನದ ವಿಸ್ತೀರ್ಣದಲ್ಲಿ ಅರ್ಧ ಇದ್ದೇ ಇದೆಯಲ್ಲ, ಆ ಅರ್ಧವೇ ಇದು. ಪೈ ಸೂತ್ರದಲ್ಲಿ ಎರಡು ಮತ್ತು ಅರ್ಧ ಒಂದನ್ನೊಂದು ನುಂಗಿರುತ್ತವೆ, ಮಕ್ಕಳಿಗೆ ಕಾಣಿಸುವುದಿಲ್ಲ.

ಆರ್ಯಭಟನ ಲೆಕ್ಕವನ್ನೂ ಹೇಳುತ್ತೇನೆ. ವ್ಯಾಸ 20000 ಇದ್ದರೆ ಪರಿಧಿ ಹತ್ತಿರ ಹತ್ತಿರ 62832 ಅಂದಿದ್ದಾನೆ. ಅವನು ಮಾತಾಡಿದ್ದು ವ್ಯಾಸದ ಬಗ್ಗೆಯೇ. ಆದರೆ ಆ ವೃತ್ತದ ತ್ರಿಜ್ಯ 10000. ಭಾಗಿಸಿ ನೋಡಿ, 6.2832!

ತೊಂದರೆಗಳೂ ಇವೆ. ಅದೇ ವರ್ಷ ಭೌತಶಾಸ್ತ್ರದಲ್ಲಿ ಟಾರ್ಕ್‌ಗೂ (ಬಲದ ತಿರುಗಿಸುವ ಪರಿಣಾಮಕ್ಕೂ) ಟೌ ಅಕ್ಷರವನ್ನೇ ಬಳಸುತ್ತಾರೆ, ಮಕ್ಕಳು ಗೊಂದಲ ಮಾಡಿಕೊಳ್ಳುತ್ತಾರೆ. ಬೋರ್‌ವೆಲ್ ಕೇಸಿಂಗ್ ಪೈಪನ್ನು ಯಾರೂ ತ್ರಿಜ್ಯದಲ್ಲಿ ಕೇಳುವುದಿಲ್ಲ, ಆರು ಇಂಚು ಅಂದರೆ ವ್ಯಾಸವೇ. ಅಲ್ಲಿ ಪೈ ಸಲೀಸು. 1706ರಲ್ಲಿ ವಿಲಿಯಂ ಜೋನ್ಸ್ ಈ ಸಂಖ್ಯೆಗೆ ಪೈ ಗುರುತನ್ನು ಬಳಸಿದ. ಮುನ್ನೂರು ವರ್ಷಗಳ ಪುಸ್ತಕಗಳು ಅದರಲ್ಲೇ ಇವೆ. ಒಮ್ಮೆ ನನ್ನ ವಿದ್ಯಾರ್ಥಿಯೊಬ್ಬ ಹೊರಗಿನ ಒಂದು ಪರೀಕ್ಷೆಯಲ್ಲಿ ಉತ್ತರವನ್ನು ಟೌನಲ್ಲೇ ಬರೆದ. ಲೆಕ್ಕ ಸರಿ ಇತ್ತು, ಅಂಕ ಸಿಗಲಿಲ್ಲ. ಅವತ್ತು ನನಗೆ ತುಂಬಾ ಬೇಸರವಾಯಿತು. ಎಚ್ಚರಿಸಬೇಕಾದವನು ನಾನು.

ಆಮೇಲೆ ಕ್ರಮ ಬದಲಿಸಿದೆ. ಮೊದಲ ಎರಡು ವಾರ ಬರೀ ಸುತ್ತು ಮತ್ತು ಟೌ. ಮೂರನೇ ವಾರ ಹಲಗೆಯನ್ನು ಎರಡು ಭಾಗ ಮಾಡಿ ಎಡಕ್ಕೆ ಟೌ, ಬಲಕ್ಕೆ ಪೈ ಬರೆಸುತ್ತೇನೆ. ಪರೀಕ್ಷೆ ಹತ್ತಿರ ಬಂದಾಗ ಎಡಭಾಗ ಅಳಿಸುತ್ತೇವೆ. ಕೆಲವರು ರಫ್ ಪುಟದಲ್ಲಿ ಟೌ ಹಾಕಿ, ಎರಡರಿಂದ ಗುಣಿಸಿ, ಪೈನಲ್ಲಿ ಉತ್ತರ ಬರೆದು ಬರುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ.